ಕೆಂಪು ಕಾಣುವವರೆಗೆ ತಿಕ್ಕಿದ ಕಲ್ಲು

ಕರಿ ಕಲ್ಲನ್ನು ತಿಕ್ಕುತ್ತ ಹೋದರೆ ಅದು ಕೆಂಪಾಗುತ್ತದೆ ಎಂದು ಹೇಳಿದರೆ ನಮ್ಮ ಕಡೆಯ ಗೌಂಡಿಗಳು ಇವತ್ತಿಗೂ ನಗುತ್ತಾರೆ. ನಾನು ಕಣ್ಣಾರೆ ಕಂಡವನು. ಅದನ್ನು ಕಲ್ಲು ಎನ್ನುವುದು ನಮ್ಮ ಬಾಯಿಯ ರೂಢಿ. ಅದರ ಹೆಸರು ಸಿಲಿಕಾನ್. ಕಂಪ್ಯೂಟರಿನ ಹೊಟ್ಟೆಯಲ್ಲಿರುವ ಚಿಪ್‌ಗಳನ್ನು ಅದರಲ್ಲೇ ಮಾಡುತ್ತಾರೆ. ಕೈಯಲ್ಲಿ ಹಿಡಿದರೆ ಮುಖ ಕಾಣುವಂಥ ಬೂದುಗಪ್ಪು ಬಿಲ್ಲೆ, ಬೆಳಕು ಒಳಗೆ ಹಾಯುವುದಿಲ್ಲ. ಆದರೆ ಅದನ್ನು ತಿಕ್ಕಿ ತಿಕ್ಕಿ, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಿಗೆ ತಂದು, ಕೆಳಗಿನಿಂದ ದೀಪ ಬಿಟ್ಟು ನೋಡಿ. ಮೊದಲು ಬೂದಿಯೊಳಗಿನ ಕೆಂಡದಂಥ ಮಂಕು ಕೆಂಪು. ಇನ್ನಷ್ಟು ತಿಕ್ಕಿದರೆ ಹಳೇ ಬೆಲ್ಲದ ಬಣ್ಣ. ಇನ್ನಷ್ಟಕ್ಕೆ ಕಿತ್ತಳೆ. ಕಿತ್ತಳೆ ಕಂಡ ಕೂಡಲೇ ಕೈ ನಿಲ್ಲಬೇಕು. ನಿಲ್ಲದಿದ್ದರೆ ಆ ಬಣ್ಣವೂ ಇಲ್ಲ, ಕಲ್ಲೂ ಇಲ್ಲ.

ನನ್ನ ಕೈ ಅಲ್ಲಿ ನಿಲ್ಲುತ್ತಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಹೇಳಿದರೂ ತಪ್ಪಿಲ್ಲ, ಕೈಯಿಂದ ದುಡಿದು ತಿಂದವನಿಗೆ ಕೈಯ ಅಭಿಮಾನ ಇರಲೇಬೇಕು.

ನಾನು ಬಾಗಲಕೋಟೆ ಕಡೆಯವನು. ಹೆಂಡತಿಯನ್ನು ಕಟ್ಟಿಕೊಂಡು ಗೋವೆಯ ವಾಸ್ಕೋಗೆ ಬಂದಾಗ ಬಂದರಿನಲ್ಲಿ ಮೂಟೆ ಹೊರುವ ಕೆಲಸ ಸಿಗುತ್ತಿತ್ತು. ಹೊರಲಿಲ್ಲ. ನನಗೆ ನೆಲ ಪಾಲಿಶ್ ಮಾಡುವುದು ಗೊತ್ತಿತ್ತು. ಮೊಸಾಯಿಕ್ ನೆಲ ಹಾಸಿದ ಮೇಲೆ ಮಷೀನು ನಡುವಿನ ನೆಲವನ್ನು ತಿಕ್ಕುತ್ತದೆ, ಮೂಲೆಗೆ ಹೋಗುವುದಿಲ್ಲ. ಮೂಲೆ, ಅಂಚು, ಮೆಟ್ಟಿಲು ಕೈಯಲ್ಲೇ ಆಗಬೇಕು. ಕುಕ್ಕರುಗಾಲಲ್ಲಿ ಕುಳಿತು, ಮೊದಲು ಒರಟು ಕಲ್ಲು, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ನಾನು ಮೂಲೆ ಮಿಸ್ತ್ರಿ. ನನ್ನ ಮೂಲೆಯಲ್ಲಿ ನೀರು ಹೊಯ್ದರೆ ಒಂದೇ ಹಾಳೆಯಂತೆ ನಿಲ್ಲುತ್ತಿತ್ತು, ಎಲ್ಲೂ ಹರಿದು ಹನಿಯಾಗುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಜುವಾರಿ ಹೊಳೆಯ ಆಚೆ, ಸಮುದ್ರ ಕಾಣುವ ಗುಡ್ಡದ ಮೇಲೆ ಒಂದು ಪ್ರಯೋಗಶಾಲೆಯ ಕಟ್ಟಡಕ್ಕೆ ನೆಲ ತಿಕ್ಕಲು ಹೋದೆ. ಒಂದು ಕೋಣೆಯ ಮೂಲೆಯಲ್ಲಿ ಕುಳಿತಿದ್ದಾಗ ಬಾಗಿಲಲ್ಲಿ ಇಬ್ಬರ ಜಗಳ ಕೇಳಿಸಿತು. ಒಬ್ಬರು ನಡುವಯಸ್ಸಿನ ಹೆಂಗಸು, ಆ ಪ್ರಯೋಗಶಾಲೆಯ ವಿಜ್ಞಾನಿ. ಇನ್ನೊಬ್ಬ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ, ಗೋವೆಯದೇ ಕಾಣಕೋಣದ ಕೊಂಕಣಿ ತರುಣ. ಅವನು ತಿಕ್ಕಿದ ಬಿಲ್ಲೆ ಮತ್ತೆ ಬಿರುಕು ಬಿಟ್ಟಿತ್ತಂತೆ, ಮೇಲೆಲ್ಲ ಗೀರು. ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಆ ಹೆಂಗಸು ಸಿಟ್ಟು ನೆತ್ತಿಗೇರಿದಾಗ ಒಮ್ಮೆಲೇ ಧಾರವಾಡದ ಕನ್ನಡಕ್ಕೆ ಇಳಿದರು.

"ಎಷ್ಟ ಸಲ ಹೇಳೂದು ನಿನಗ? ಕೈಯೋ ಕಾಲೋ ಇದು?"

ನನ್ನ ಬಾಯಿ ತಡೆಯಲಿಲ್ಲ. "ಕೈಯಿಂದು ತಪ್ಪಿಲ್ರಿ ಮೇಡಮ್ಮಾರ. ನೀರಿಂದು ತಪ್ಪು."

ಇಬ್ಬರೂ ತಿರುಗಿ ನೋಡಿದರು. ಅವರಿಗೆ ನಾನು ಅಲ್ಲಿದ್ದದ್ದೇ ಗೊತ್ತಿರಲಿಲ್ಲ.

"ಏನಂದ್ರಿ?"

"ಒರಟ ಕಲ್ಲಿನ ಕೆಸರು ನಯದ ಕಲ್ಲಿಗೆ ಬರಬಾರದ್ರಿ. ಬಕೀಟ ಬದಲ ಮಾಡಬೇಕು, ಕೈ ತೊಳೀಬೇಕು, ಕಾಲೂ ತೊಳೀಬೇಕು. ಒಂದ ಕಣ ಉಳದ್ರ ಸಾಕು, ದಿನಪೂರ್ತಿ ತಿಕ್ಕಿದ್ದೆಲ್ಲಾ ನೀರಾಗ ಹೋತು. ಅವರು ಒಂದ ಡಬರ್ಯಾಗ ಎಲ್ಲಾ ತೊಳ್ಯಾಕತ್ತಾರ. ಬೆಳಿಗ್ಗಿಂದ ನೋಡಾಕತ್ತೇನಿ."

ಆ ತರುಣ ನನ್ನನ್ನು ನುಂಗುವ ಹಾಗೆ ನೋಡಿದ. ಮೇಡಮ್ಮಾರು ಒಳಗೆ ಹೋಗಿ, ಒಂದು ಬಿಲ್ಲೆಯ ಚೂರು ತಂದು ನನ್ನ ಅಂಗೈ ಮೇಲಿಟ್ಟರು. ಹೆಸರುಕಾಳಿನಷ್ಟು ಅಗಲ ಇತ್ತು. "ತಿಕ್ಕಿ ತೋರಸ್ರಿ."

ಹಾಗೆ ಶುರುವಾಯಿತು. ಮೊದಲ ಹನ್ನೊಂದು ಚೂರು ಒಡೆದವು. ಹನ್ನೆರಡನೆಯದು ಕೆಂಪು ಕಂಡಿತು. ನೆಲದ ಗುತ್ತಿಗೆ ಮುಗಿದ ಮೇಲೆ ಅವರು ನನ್ನನ್ನು ದಿನಗೂಲಿಯ ಮೇಲೆ ಅಲ್ಲೇ ಇರಿಸಿಕೊಂಡರು. ಮೇಡಂ ಅನ್ನಬೇಡಿ ಎಂದರು, ಅಕ್ಕಾರ ಎನ್ನತೊಡಗಿದೆ. ಅವರು ನನಗೆ ಮಿಸ್ತ್ರಿಯವರ ಎನ್ನುತ್ತಿದ್ದರು. ಆ ಗುಡ್ಡದ ಮೇಲೆ ಬೇರೆ ಯಾರೂ ನನಗೆ 'ಅವರ' ಹಚ್ಚಿ ಕರೆಯುತ್ತಿರಲಿಲ್ಲ.

ಯಾಕೆ ಇಷ್ಟು ತೆಳ್ಳಗೆ ಬೇಕು ಎಂದು ಒಂದು ದಿನ ಕೇಳಿದೆ. ಅಕ್ಕಾರು ಊಟದ ಡಬ್ಬಿ ಮುಚ್ಚಿ, ಕಿಟಕಿಯ ಹತ್ತಿರ ಕರೆದರು. ಅಲ್ಲಿಂದ ಕೆಳಗೆ ಹೊಳೆ ಕಾಣುತ್ತಿತ್ತು.

"ದಿನಾ ಬ್ರಿಜ್ ಮ್ಯಾಲೆ ಬರ್ತೀರಿ ಹೌದಲ್ಲೊ? ಕಂಬಕ್ಕ ನೀರು ಬಡದು ಎರಡ ಪಾಲ ಆಗ್ತದ. ಕಂಬ ದಾಟಿ ಮತ್ತ ಕೂಡ್ತದ. ಕೂಡೂ ಜಾಗಾದಾಗ ಏನ ಕಾಣಸ್ತದ?"

"ತೆರಿ ಮ್ಯಾಲೆ ತೆರಿ ಬಿದ್ದು ಗೆರಿಗೆರಿ ಆಗಿರತೈತ್ರಿ."

"ಅಷ್ಟ. ನಮ್ಮದೂ ಅಷ್ಟ."

ಎಲೆಕ್ಟ್ರಾನ್ ಎಂಬ ಕಣಗಳು ಹೋಗುವಾಗ ನೀರಿನ ತೆರೆಯ ಹಾಗೂ ನಡೆದುಕೊಳ್ಳುತ್ತವಂತೆ. ಅವುಗಳ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ ಕಟ್ಟುತ್ತಾರೆ, ಅದೇ ಬ್ರಿಜ್ಜಿನ ಕಂಬ. ಒಂದು ಪಾಲು ನಾವು ತಿಕ್ಕಿದ ವಸ್ತುವಿನೊಳಗಿಂದ ಹಾಯುತ್ತದೆ, ಇನ್ನೊಂದು ಪಾಲು ಪಕ್ಕದ ಖಾಲಿ ಜಾಗದಿಂದ. ಎರಡೂ ಮುಂದೆ ಕೂಡಿದಾಗ ಗೆರೆಗಳು ಬೀಳುತ್ತವೆ. ವಸ್ತುವಿನೊಳಗೆ ಅಯಸ್ಕಾಂತದ ಶಕ್ತಿ ಇದ್ದರೆ, ವಿದ್ಯುತ್ತು ಇದ್ದರೆ, ಗೆರೆ ಅಲ್ಲಿ ಬಾಗುತ್ತದೆ. ಎಷ್ಟು ಬಾಗಿತು ಎಂಬುದನ್ನು ಲೆಕ್ಕ ಹಾಕಿದರೆ ಒಳಗೆ ಏನಿದೆ ಎಂಬುದರ ನಕಾಶೆಯೇ ಬರುತ್ತದೆ. ಇದಕ್ಕೆ ಎಲೆಕ್ಟ್ರಾನ್ ಹೊಲೊಗ್ರಫಿ ಎನ್ನುತ್ತಾರೆ. ಹಿಂದೆ ಫಿಲ್ಮಿನ ಮೇಲೆ ಹಿಡಿದು, ತೊಳೆದು, ಅದರ ಮೇಲೆ ಮತ್ತೆ ಬೆಳಕು ಬಿಟ್ಟು ಚಿತ್ರ ಬಿಡಿಸಬೇಕಿತ್ತು, ಈಗ ಕ್ಯಾಮೆರಾ ಹಿಡಿದದ್ದನ್ನು ಕಂಪ್ಯೂಟರು ಕೂತಲ್ಲೇ ಬಿಡಿಸುತ್ತದೆ, ಕೂದಲನ್ನು ಸಾವಿರ ಸಲ ಸೀಳಿದಷ್ಟು ಸಣ್ಣ ಜಾಗದಲ್ಲಿ ಅಯಸ್ಕಾಂತ ಯಾವ ಕಡೆ ತಿರುಗಿದೆ ಎಂದು ತೋರಿಸುತ್ತದೆ ಎಂದರು. ವಸ್ತು ದಪ್ಪಗಿದ್ದರೆ ಎಲೆಕ್ಟ್ರಾನು ಆಚೆ ಬರುವುದೇ ಇಲ್ಲ. ಅದಕ್ಕೇ ತಿಕ್ಕುವುದು.

"ಖಾಲಿ ಕಡಿಂದ ಹ್ವಾದದ್ದು ಯಾಕ ಬೇಕ್ರಿ ಮತ್ತ? ಅದಕ್ಕೇನೂ ಆಗಿರೂದಿಲ್ಲಲ್ಲ?"

"ಏನೂ ಆಗಿರೂದಿಲ್ಲ, ಅದಕ್ಕ ಬೇಕು. ಅದರ ಸಂಗಡ ಕೂಡಿಸಿದಾಗನ ಇದಕ್ಕ ಏನಾಗೇದ ಅಂತ ಗೊತ್ತಾಗೂದು."

ಆ ದಿನದಿಂದ ಬಸ್ಸು ಬ್ರಿಜ್ಜಿನ ಮೇಲೆ ಬಂದಾಗ ನಾನು ಕಂಬದ ಬುಡ ನೋಡುತ್ತಿದ್ದೆ.

ಅಯಸ್ಕಾಂತ ಎಂದದ್ದು ನನ್ನೊಳಗೆ ಹಳೆಯದೊಂದನ್ನು ಎಬ್ಬಿಸಿತ್ತು. ನಾನು ಐದನೇ ಇಯತ್ತೆಯಲ್ಲಿದ್ದಾಗ ಮಾಸ್ತರು ಒಂದು ಅಯಸ್ಕಾಂತದ ಮೇಲೆ ರಟ್ಟು ಇಟ್ಟು, ರಟ್ಟಿನ ಮೇಲೆ ಕಬ್ಬಿಣದ ಪುಡಿ ಉದುರಿಸಿದರು. ಒಬ್ಬೊಬ್ಬರಾಗಿ ಬಂದು ಬೆರಳಿನಿಂದ ರಟ್ಟು ಬಡಿಯಬೇಕು. ಬಡಿದರೆ ಪುಡಿ ಎದ್ದು ಗೆರೆ ಗೆರೆಯಾಗಿ ಬಾಗಿ ನಿಲ್ಲುತ್ತದೆ ಎಂದರು. ಮುಂದಿನ ಸಾಲಿನವರು ಬಡಿದರು, ಓಹೋ ಎಂದರು. ಸುತ್ತ ತಲೆಗಳು ತುಂಬಿ ಹಿಂದಿನ ಸಾಲಿನ ನನಗೆ ರಟ್ಟಿನ ಅಂಚು ಮಾತ್ರ ಕಂಡಿತು. ಗಂಟೆ ಹೊಡೆಯಿತು. "ಉಳದವರದು ನಾಳೆ" ಎಂದರು ಮಾಸ್ತರು.

ಅದೇ ದಿನ ಕಲ್ಲಿನ ಖಣಿಯಲ್ಲಿ ಅಪ್ಪನ ಕೈಮೇಲೆ ಚಪ್ಪಡಿ ಬಿತ್ತು. ಮರುದಿನ ಅಪ್ಪನ ಬದಲಿಗೆ ನಾನು ಖಣಿಗೆ ಹೋದೆ. ಅದರ ಮರುದಿನವೂ. ನನ್ನ ನಾಳೆ ಬರಲೇ ಇಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಲು ಏನಿದೆ ಅದರಲ್ಲಿ? ಆದರೆ ಅಕ್ಕಾರಿಗೆ ಹೇಳಿದೆ. ಅವರು ನಗಲಿಲ್ಲ. "ನೀವು ತಿಕ್ಕಿದ್ದರೊಳಗಿನ ಗೆರಿ ನಿಮಗ ತೋರಸ್ತೀನಿ" ಎಂದರು. ಅಲ್ಲಿಂದ ಅದೊಂದೇ ಆಸೆಯಾಯಿತು ನನಗೆ. ಹೆಂಡತಿ ರಾತ್ರಿಯ ರೊಟ್ಟಿ ಬಡಿಯುವಾಗಲೂ ಅದರ ಮಾತೇ.

"ಏನ್ರಿ ಅದು, ಕಾಣಲಾರದ್ದಕ್ಕ ಇಷ್ಟ ಒದ್ದಾಡಾಕತ್ತೀರಿ? ಮನ್ಯಾಗಿನ ಹೆಂಡತಿ ಎದುರಿಗಿದ್ರೂ ಕಾಣೂದಿಲ್ಲ ನಿಮಗ" ಎನ್ನುತ್ತಿದ್ದಳು ಅವಳು.

ಗೆರೆ ಹಿಡಿಯುವ ಮೈಕ್ರೋಸ್ಕೋಪು ನಮ್ಮ ಗುಡ್ಡದ ಮೇಲೆ ಇರಲಿಲ್ಲ. ಬೇರೊಂದು ದೇಶದಲ್ಲಿತ್ತು. ಅಲ್ಲಿ ಬಾಗಿಲು ಹಾಕಿದ ಸಪ್ಪಳಕ್ಕೂ ಗೆರೆ ಅಲುಗುತ್ತದೆಂದು ಕೋಣೆಯನ್ನೇ ಬೇರೆ ಕಟ್ಟಿದ್ದಾರಂತೆ. ಅಕ್ಕಾರಿಗೆ ಅಲ್ಲಿ ಮೂರು ದಿನದ ಸರತಿ ಸಿಕ್ಕಿತ್ತು. ಒಯ್ಯಬೇಕಾದದ್ದು ಸಿಲಿಕಾನಿನ ಮೇಲೆ ಪದರ ಪದರವಾಗಿ ಅಯಸ್ಕಾಂತದ ಲೋಹ ಹಚ್ಚಿದ ಒಂದು ಚೂರು. ಅದನ್ನು ತಿಕ್ಕುವುದು ನನ್ನ ಪಾಲು. ತಾಮ್ರದ ಸಣ್ಣ ಉಂಗುರಕ್ಕೆ ಅಂಟಿಸುವುದು, ಅಂಟು ತೊಳೆಯುವುದು, ಕೊನೆಗೆ ಅಯಾನು ಎಂಬ ವಿದ್ಯುತ್ ಕಣಗಳನ್ನು ಎರಚುವ ಯಂತ್ರದಲ್ಲಿಟ್ಟು ನಡುವೆ ಸೂಜಿಮೊನೆಯಂಥ ತೂತು ಕೊರೆಸುವುದು ಕಾಣಕೋಣದ ತರುಣನ ಪಾಲು. ಆ ತೂತಿನ ಅಂಚೇ ಎಲ್ಲಕ್ಕಿಂತ ತೆಳು. ಗೆರೆ ಬೀಳುವುದು ಅಲ್ಲೇ.

ಮಳೆಗಾಲ ಮುಗಿಯುವವರೆಗೂ ತಿಕ್ಕಿದೆ. ಮೂರು ಕಾಲಿನ ಸಣ್ಣ ಹಿಡಿಕೆಯ ತುದಿಗೆ ಚೂರನ್ನು ಮೇಣದಲ್ಲಿ ಕೂಡಿಸಿ, ತಿರುಗುವ ಪಾಲಿಶ್ ಹಾಳೆಯ ಮೇಲೆ ನೀರು ಹನಿಸುತ್ತ, ಉಸಿರು ಹಿಡಿದು. ಐದು ಸಲ ತಿಕ್ಕುವುದು, ಒಂದು ಸಲ ಎತ್ತಿ ನೋಡುವುದು. ಕಿವಿಗೆ ಸಪ್ಪಳ ಬದಲಾದದ್ದು ಗೊತ್ತಾಗುತ್ತಿತ್ತು. ಒರಟು ಹಾಳೆ ಒಣ ಎಲೆಯ ಹಾಗೆ ಸಪ್ಪಳ ಮಾಡುತ್ತದೆ. ಕೊನೆಯ ಹಾಳೆಗೆ ಸಪ್ಪಳವೇ ಇಲ್ಲ. ಒಂದು ಬೆಳಗು ದೀಪದ ಮೇಲಿಟ್ಟಾಗ ಮಂಕು ಕೆಂಪು ಕಂಡಿತು. ಮಧ್ಯಾಹ್ನಕ್ಕೆ ಬೆಲ್ಲ. ಊಟಕ್ಕೆ ಏಳಲಿಲ್ಲ. ಕಿತ್ತಳೆ ಬಂದಾಗ ತರುಣನನ್ನು ಕೂಗಿದೆ. ಅವನು ಬಗ್ಗಿ ನೋಡಿ, ತನ್ನ ಮುರುಕು ಕನ್ನಡದಲ್ಲಿ ಅಂದ:

"ಮಾಮಾ, ಇದು ಕಲ್ಲು ಅಲ್ಲ, ಸಂಜೆ."

ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅದೇ ತರುಣ ಅವನು. ಆ ದಿನ ಅಂಥ ಮಾತು ಆಡಿದ.

ನಾಲ್ಕು ದಿನದ ಮೇಲೆ ತೂತೂ ಆಯಿತು. ಚೂರನ್ನು ಸಣ್ಣ ಡಬ್ಬಿಯಲ್ಲಿಟ್ಟರು. ಮುಚ್ಚಳ ಮಿಸ್ತ್ರಿಯವರೇ ಹಾಕಲಿ ಎಂದು ಅಕ್ಕಾರು ಹೇಳಿ, ಕಾಗದ ಪತ್ರ ತರಲು ಹೊರಗೆ ಹೋದರು. ತರುಣ ಫೋನಿನಲ್ಲಿದ್ದ. ನಾನು ಮುಚ್ಚಳ ಹಾಕಿದೆ. ಅಷ್ಟೇ ಎಂದು ಬಹಳ ದಿನ ಅಂದುಕೊಂಡಿದ್ದೆ.

ಅಕ್ಕಾರು ಆ ದೇಶದಿಂದ ತಿರುಗಿ ಬಂದ ದಿನ ಅವರ ಮುಖ ನೋಡಿದ ಕೂಡಲೇ ಗೊತ್ತಾಯಿತು. ಕೇಳಲು ಧೈರ್ಯವಾಗಲಿಲ್ಲ. ಅವರೇ ಇಬ್ಬರನ್ನೂ ಕರೆದು ಹೇಳಿದರು. ಎಲೆಕ್ಟ್ರಾನು ಬಿದ್ದ ಕಡೆಯೆಲ್ಲ ಕಪ್ಪು ಕಟ್ಟಿತಂತೆ. ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲೂ ಕಪ್ಪು. ಚೂರಿನ ಮೇಲೆ ಎಲ್ಲೋ ಎಣ್ಣೆಯ ಪಸೆ ಇತ್ತು. ಅದು ಹರಿದು ಬಂದು ಕಿರಣದ ಕೆಳಗೆ ಮಸಿಯಾಗಿ ಕೂತಿತು. ಮೂರು ದಿನವೂ ಹೋಯಿತು.

"ಅಂಟು ಸರಿ ತೊಳದಿಲ್ಲ, ಇಲ್ಲಾ ಯಾರೋ ಬರಿಗೈಲೆ ಮುಟ್ಟ್ಯಾರ. ಬೆರಳಿನ ಎಣ್ಣಿ ಒಂದ ಸಾಸಿವಿ ಕಾಳಿನಷ್ಟೂ ಬ್ಯಾಡ ಇದಕ್ಕ. ಮುಟ್ಟೀರೇನು?"

"ಇಲ್ಲ" ಎಂದ ತರುಣ.

"ಇಲ್ರಿ" ಎಂದೆ ನಾನು. ಸುಳ್ಳು ಹೇಳಿದೆ ಎಂದು ಆಗ ನನಗೆ ಅನಿಸಿರಲಿಲ್ಲ.

ಹಾಗಾದರೆ ಅಂಟೇ ಎಂದು ತೀರ್ಮಾನವಾಯಿತು. ಮುಂದಿನ ಸರತಿಗೆ ತರುಣ ಅವರ ಜೊತೆ ಹೋಗುವುದೆಂದು ಮಾತಾಗಿತ್ತು. ಅವನ ಪಿಎಚ್‌ಡಿಯೇ ಅದರ ಮೇಲೆ ನಿಂತಿತ್ತು. ಅಂಟು ತೊಳೆಯಲು ಬಾರದವನನ್ನು ಅಷ್ಟು ದೂರ ಒಯ್ದು ಏನು ಮಾಡಲಿ ಎಂದರು ಅಕ್ಕಾರು. ನಾನು ಮನಸ್ಸಿನಲ್ಲಿ ಅವನನ್ನು ಬೈದೆ. ನನ್ನ ಕಿತ್ತಳೆಯನ್ನು ಹಾಳು ಮಾಡಿದನಲ್ಲ ಎಂದು.

ಮೂರೋ ನಾಲ್ಕೋ ದಿನ ಕಳೆದಿರಬೇಕು. ಬೆಳಿಗ್ಗೆ ವಾಸ್ಕೋ ಸ್ಟ್ಯಾಂಡಿನಲ್ಲಿ ಬಸ್ಸಿನ ಮುಂದಿನ ಸೀಟು ಸಿಕ್ಕಿತ್ತು. ಡ್ರೈವರು ಹತ್ತಿ ಬಂದ, ಬಾಯಲ್ಲಿ ಪಾವ್ ಬ್ರೆಡ್ಡಿನ ತುಂಡು. ಕುಳಿತವನು ಸ್ಟಿಯರಿಂಗಿಗೆ ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡ. ದಿನಾ ನೋಡುವುದೇ ಅದು. ನಾನೂ ದಿನಾ ಮಾಡುವುದೇ. ತಿಕ್ಕಲು ಕೂಡುವಾಗ ಕಲ್ಲಿಗೆ, ತಿಕ್ಕಿ ಮುಗಿದಾಗ ನೆಲಕ್ಕೆ. ಅಪ್ಪ ಖಣಿಯಲ್ಲಿ ಕಲಿಸಿದ್ದು. ನಮಸ್ಕಾರ ಮಾಡದೆ ಬಿಟ್ಟ ಕೆಲಸ ಮುಗಿದ ಕೆಲಸ ಅಲ್ಲ.

ಬಸ್ಸು ಹೊರಟಿತು. ನಾನು ನನ್ನ ಬಲಗೈಯ ಬೆರಳು ನೋಡಿಕೊಂಡೆ.

ಮುಚ್ಚಳ ಹಾಕುವ ಮೊದಲು ನಾನು ಬಲಗೈಯ ಕೈಗವಸು ಕಳೆದಿದ್ದೆ. ಡಬ್ಬಿಯೊಳಗಿನ ತಾಮ್ರದ ಉಂಗುರದ ಅಂಚಿಗೆ ಬೆರಳಿನ ತುದಿ ತಾಗಿಯೂ ತಾಗದ ಹಾಗೆ ತಾಗಿಸಿ ಕಣ್ಣಿಗೊತ್ತಿಕೊಂಡಿದ್ದೆ. ಅದು ಅಲುಗಲಿಲ್ಲ ಕೂಡ, ಅಷ್ಟು ಹಗುರ ನನ್ನ ಕೈ. ಬೆಳಿಗ್ಗೆ ಹೆಂಡತಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನು ನಾನೇ ಒರೆಸಿಕೊಂಡಿದ್ದ ಕೈ ಅದು.

ಬ್ರಿಜ್ಜು ದಾಟಿತು. ಕಂಬ ನೋಡಲಿಲ್ಲ.

ಆ ದಿನ ಹೇಳಲಿಲ್ಲ. ಮರುದಿನವೂ ಇಲ್ಲ. ಇಲ್ಲಿ ನನ್ನ ಹತ್ತಿರ ಇದ್ದದ್ದು ಕೈಯೊಂದೇ. ಓದಿದವರ ನಡುವೆ ಆ ಕೈಯ ಮೇಲೆ ನಿಂತಿದ್ದೆ, ಅದೇ ಹೊಲಸು ಎಂದು ನಾನೇ ಹೇಗೆ ಹೇಳಲಿ? ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಒಲೆ ಊದುವುದು ಬಿಟ್ಟು ನನ್ನನ್ನೇ ನೋಡಿದಳು.

"ನಮಸ್ಕಾರ ಮಾಡಿದ್ದು ತಪ್ಪಂತೇನ್ರಿ? ನಾಳೆ ದೇವರಿಗೂ ಗ್ಲೌಜ್ ಹಾಕ್ಕೊಂಡ ಕೈಮುಗಿ ಅಂತಾರ."

"ತಪ್ಪು ಅಂತ ಅವರು ಅಂದಿಲ್ಲ. ಅವರಿಗೆ ಗೊತ್ತ ಇಲ್ಲ."

"ಹಂಗಾರ ಯಾರಿಗೆ ತಪ್ಪು ಅಂದ್ರು?"

"ಆ ಕಾಣಕೋಣದಾಂವಗ."

ಅವಳು ಮತ್ತೆ ಒಲೆಯ ಕಡೆ ತಿರುಗಿದಳು. ಬೆನ್ನು ಹಾಕಿಕೊಂಡೇ ಅಂದಳು: "ಆ ಹುಡುಗನ ಅವ್ವನೂ ನನ್ನಂಗ ಒಲಿ ಮುಂದ ಕುಂತಿರತಾಳ್ರಿ."

ಮರುದಿನ ಹೋದಾಗ ಅಕ್ಕಾರ ಟೇಬಲ್ಲಿನ ಮುಂದೆ ತರುಣ ನಿಂತಿದ್ದ.

"ಅಕ್ಕಾರ, ಒಂದ ಮಾತೈತ್ರಿ."

"ಆಮ್ಯಾಲೆ, ಮಿಸ್ತ್ರಿಯವರ."

"ಆಮ್ಯಾಲೆ ಅಂದ್ರ ನನ್ನ ಬಾಯಿಂದ ಬರೂದಿಲ್ರಿ. ಮುಟ್ಟಿದಾಂವ ನಾನ್ರಿ."

ಅವರು ಕನ್ನಡಕ ತೆಗೆದರು. "ಗ್ಲೌಜ್?"

"ಕಳದಿದ್ನಿರಿ. ಗ್ಲೌಜ್ ಹಾಕ್ಕೊಂಡ ನಮಸ್ಕಾರ ಹ್ಯಾಂಗ ಮಾಡೂದ್ರಿ?"

"ನಾ ಕೇಳಿದಾಗ ಇಲ್ಲ ಅಂದ್ರೆಲ್ಲ?"

"ಮುಟ್ಟಿಲ್ಲ ಅಂದ್ನಿರಿ. ಕಣ್ಣಿಗೊತ್ತಿಕೊಂಡದ್ದು ಮುಟ್ಟಿದ್ದು ಅಂತ ನನಗ ಅನಿಸೇ ಇರಲಿಲ್ರಿ."

ಅವರು ಕಿರುಚಬಹುದು ಎಂದುಕೊಂಡಿದ್ದೆ. ಕಿರುಚಿದ್ದರೆ ಚೆನ್ನಾಗಿತ್ತು. "ಒಂದ ವರ್ಷ ಹೋತು, ಮಿಸ್ತ್ರಿಯವರ" ಎಂದರು. ಆಮೇಲೆ, "ಈಗ ಹೊರಗ ಹೋಗ್ರಿ."

ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಅದನ್ನೂ ನಾನೇ ತಿಕ್ಕಿದ್ದು. ಟವೆಲು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ, ಕೆಲಸ ಬಿಡು ಎನ್ನುವವರೆಗೆ ಕಾಯುವುದು ನನ್ನ ಜಾಯಮಾನ ಅಲ್ಲ. ಏಳಬೇಕೆನ್ನುವಾಗ ತರುಣ ಎರಡು ಗ್ಲಾಸು ಚಹಾ ಹಿಡಿದು ಬಂದು ಪಕ್ಕದಲ್ಲಿ ಕುಳಿತ.

"ಕಿತೆಂ ಮಾಮಾ, ಏನು ಮಾಡಿದಿ" ಎಂದ. "ನೀನು ದೇವರಿಗೆ ಕೈ ಮುಗಿದಿ, ಪ್ರಸಾದ ನನಗೆ ಸಿಕ್ಕಿತು."

ಚಹಾ ಕುಡಿದೆ. ಚೀಲವನ್ನು ಅವನೇ ಎತ್ತಿಕೊಂಡು ಒಳಗೆ ಹೋದ.

ಮರುದಿನ ನನ್ನ ತಿಕ್ಕುವ ಮೇಜಿನ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿತ್ತು, ಅಕ್ಕಾರ ಕೈಬರಹ: 'ನಮಸ್ಕಾರ ದೂರದಿಂದ'. ಅವರು ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಆದರೆ ಮುಂದಿನ ಚೂರನ್ನು ನನ್ನ ಕೈಗೆ ಕೊಡಲೂ ಇಲ್ಲ.

ಸಿಟ್ಟಿನಿಂದಲ್ಲ. ಅದನ್ನು ನಾನು ಆಮೇಲೆ ತಿಳಿದುಕೊಂಡೆ. ಅಷ್ಟರಲ್ಲಿ ಬೇರೆ ಊರಿನಲ್ಲಿ ಒಂದು ಹೊಸ ಯಂತ್ರ ಬಂದಿತ್ತು. ಅಯಾನುಗಳ ಸಣ್ಣ ಕಿರಣದಿಂದಲೇ ವಸ್ತುವನ್ನು ಬೇಕಾದಲ್ಲಿ ಕೆತ್ತಿ, ಬೇಕಾದಷ್ಟು ತೆಳುವಾದ ಹಾಳೆ ಎತ್ತಿ ಕೊಡುತ್ತದೆ. ನನಗೆ ಒಂದು ಮಳೆಗಾಲ ಹಿಡಿದದ್ದು ಅದಕ್ಕೆ ಒಂದು ಮುಂಜಾನೆ. ಬೆರಳಿಲ್ಲ, ಎಣ್ಣೆಯಿಲ್ಲ. ಕೆಂಪು ನೋಡುವ ಕಣ್ಣೂ ಬೇಡ. ನಾನು ಇನ್ನೂ ಎರಡು ವರ್ಷ ಅದೂ ಇದೂ ತಿಕ್ಕುತ್ತ ಅಲ್ಲಿದ್ದೆ. ಕೊಡುವ ಕೆಲಸ ತೆಳ್ಳಗಾಗುತ್ತ ಬಂತು. ಕುಳಿತು ಕೂಲಿ ತೆಗೆದುಕೊಳ್ಳುವವ ನಾನಲ್ಲ. ಒಂದು ದಿನ ನಾನೇ, "ಮ್ಹಾಪಸಾ ಊರಾಗ ನೆಲದ ಕೆಲಸ ಬಂದೈತ್ರಿ ಅಕ್ಕಾರ" ಎಂದೆ. ಬಂದಿರಲಿಲ್ಲ. ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಬಾಗಿಲವರೆಗೆ ಬಂದು ನಿಂತರು.

ಆ ಮೇಲೆ ಎಷ್ಟೋ ಮನೆಗಳ ನೆಲ ತಿಕ್ಕಿದೆ. ಕೆಲಸ ನಡೆದಾಗ ಏನೂ ಅನಿಸುತ್ತಿರಲಿಲ್ಲ. ಸಂಜೆ ಕೈ ತೊಳೆಯುವಾಗ ಅನಿಸುತ್ತಿತ್ತು. ನನ್ನದೇ ಒಂದು ಪಾಲು ಇಲ್ಲಿ ಕಲ್ಲಿನೊಳಗಿಂದ ಹಾಯ್ದು ಬಂದಿದೆ, ಇನ್ನೊಂದು ಪಾಲು ಮಾಸ್ತರ ರಟ್ಟಿನ ಹತ್ತಿರ ಸರತಿಗೆ ನಿಂತವನು, ಖಾಲಿ ದಾರಿ ಹಿಡಿದು ಎಲ್ಲಿಗೆ ಹೋದನೋ. ಅವನನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ್ದರೆ ನಾನೆಷ್ಟು ಬಾಗಿದ್ದೇನೆಂದು ತಿಳಿಯುತ್ತಿತ್ತು. ಇಂಥ ವಿಚಾರ ಬಂದಾಗ ಬಕೀಟು ಎರಡು ಸಲ ತೊಳೆಯುತ್ತಿದ್ದೆ.

ಒಂದು ದಿನ ತರುಣನ ಫೋನು ಬಂತು. "ಮಾಮಾ, ಬಾ. ಬಾಯಿ ಕರೀತಾಳೆ." ಅಕ್ಕಾರಿಗೆ ಅವನು ಕೊಂಕಣಿಯಲ್ಲಿ ಬಾಯಿ ಎನ್ನುತ್ತಿದ್ದ. ಅವನು ಆ ದೇಶಕ್ಕೆ ಹೋಗಿ ಬಂದಿದ್ದ. ಪಿಎಚ್‌ಡಿ ಬರೆಯುತ್ತಿದ್ದ.

ಒಗೆದ ಅಂಗಿ ಹಾಕಿಕೊಂಡು ಹೋದೆ. ಅಕ್ಕಾರ ಕೂದಲು ನೆರೆತಿತ್ತು. ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂರಿಸಿದರು, ತಾವು ಹಿಂದೆ ನಿಂತರು. "ಮುಂದಿನ ಸಾಲು ನಿಮ್ಮದು" ಎಂದರು. ನಾನು ಹೇಳಿದ್ದನ್ನು ಅವರು ಮರೆತಿರಲಿಲ್ಲ.

ಮೊದಲು ಬರೀ ಗೆರೆ, ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಹಾಗೆ ಒತ್ತೊತ್ತಾಗಿ. ಆಮೇಲೆ ತರುಣ ಏನೋ ಒತ್ತಿದ. ಗೆರೆಗಳ ಒಳಗಿನಿಂದ ಬೇರೆ ಗೆರೆಗಳು ಎದ್ದವು. ಪದರದಿಂದ ಪದರಕ್ಕೆ ಬಾಗಿ, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ, ಒಂದು ಮೂಲೆಯಲ್ಲಿ ಸುತ್ತಿಕೊಂಡು ತಮ್ಮ ಬಾಲವನ್ನೇ ಹಿಡಿದುಕೊಂಡು. ಮುಂದಿನ ಸಾಲಿನವರು ಓಹೋ ಎಂದದ್ದು ಇದಕ್ಕೇ.

ಬಹಳ ಹೊತ್ತು ನೋಡಿದೆ. ಕಣ್ಣು ತುಂಬಿತು ಎಂದರೆ ಸುಳ್ಳಲ್ಲ. ಆದರೆ ಒಳಗೆ ಒಂದು ಕಡೆ ತುಂಬಲಿಲ್ಲ.

"ಇದನ್ನ ತಿಕ್ಕಿದವ್ರು ಯಾರ್ರಿ?"

"ಮಷೀನು" ಎಂದರು ಅಕ್ಕಾರು ಮೆಲ್ಲಗೆ.

"ಚಲೋ ತಿಕ್ಕೇತ್ರಿ." ಖರೆಯಾಗಿಯೇ ಅಂದೆ. ಒಂದು ಗೀರಿರಲಿಲ್ಲ. "ಮೊದಲಿಂದು ಐತೇನ್ರಿ, ಅಕ್ಕಾರ?"

"ಯಾವುದು?"

"ಕೆಟ್ಟದ್ದು."

ಇಬ್ಬರೂ ಮುಖ ಮುಖ ನೋಡಿದರು. ತರುಣ ಹುಡುಕಿದ. ಬಹಳ ಹುಡುಕಬೇಕಾಯಿತು, ಹಾಳಾದದ್ದನ್ನು ಯಾರು ಮೇಲೆ ಇಡುತ್ತಾರೆ? ಕೊನೆಗೆ ತೆರೆದ. ಖಾಲಿ ಕಡೆ ಗೆರೆಗಳು ನೆಟ್ಟಗೆ ಇದ್ದವು. ನಮ್ಮ ಚೂರಿನ ಅಂಚಿಗೆ ಬಂದಲ್ಲಿ ಕಪ್ಪು ಗುಡ್ಡೆಯೊಂದು ಕೂತಿತ್ತು, ಬಾಣಲೆಯ ತಳದ ಕರಿಯ ಹಾಗೆ. ಅದನ್ನು ಹಾಯುವಾಗ ಗೆರೆಗಳೆಲ್ಲ ಒಂದು ಕಡೆಗೆ ಬಾಗಿದ್ದವು.

"ಇಲ್ಲಿ ಯಾಕ ಬಾಗ್ಯಾವ್ರಿ? ಇದು ಅಯಸ್ಕಾಂತ ಅಲ್ಲಲ್ಲ?"

"ಅಲ್ಲ. ಇದು ನಿಮ್ಮ ಬೆರಳಿನ ಎಣ್ಣಿ. ಅದನ್ನ ಹಾಯುವಾಗೂ ಎಲೆಕ್ಟ್ರಾನಿನ ತೆರಿ ಹಿಂದ ಮುಂದ ಆಗ್ತದ. ಅದಕ್ಕ ಗೆರಿ ಬಾಗ್ಯಾವ."

"ಇದನ್ನ ನನಗ ಕೊಡ್ರಿ."

"ಛಲೋದನ್ನ ಒಯ್ಯಿರಿ, ಮಿಸ್ತ್ರಿಯವರ. ದೊಡ್ಡದಾಗಿ ಮಾಡಿ ಕೊಡ್ತೀನಿ. ಇದನ್ನೇನ ಮಾಡ್ತೀರಿ?"

"ಅದು ಮಷೀನಿಂದ್ರಿ. ಇದು ನಂದು."

ತರುಣ ಒಂದು ಹಾಳೆಯ ಮೇಲೆ ಅಚ್ಚು ತೆಗೆದು, ಮಡಚಬಾರದೆಂದು ಉರುಳೆ ಸುತ್ತಿ ರಬ್ಬರ್ ಹಾಕಿ ಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಹಿಡಿದು ಕುಳಿತೆ. ಬ್ರಿಜ್ಜಿನ ಮೇಲೆ ಬಂದಾಗ ಹೊಳೆ ಇಳಿತದಲ್ಲಿತ್ತು. ಕಂಬ ದಾಟಿದ ನೀರು ಕೂಡಿ ಗೆರೆಗೆರೆಯಾಗಿ ಸಮುದ್ರದ ಕಡೆ ಹೋಗುತ್ತಿತ್ತು.

ಹೆಂಡತಿ ಅದನ್ನು ದೇವರ ಫೋಟೋಗಳ ಸಾಲಿನಲ್ಲಿ ಹಚ್ಚೋಣ ಎಂದಳು. ಬೇಡ ಎಂದೆ. ಅಲ್ಲಿಟ್ಟರೆ ಅವಳು ದಿನಾ ಕುಂಕುಮ ಇಡುತ್ತಾಳೆ, ಇದಕ್ಕೆ ಒಮ್ಮೆ ಬೆರಳು ತಾಗಿದ್ದೇ ಸಾಕು. ಟ್ರಂಕಿನಲ್ಲಿದೆ. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ತೆಗೆದು ನೋಡುತ್ತೇನೆ. ನೋಡುವುದು ಕಪ್ಪು ಗುಡ್ಡೆಯನ್ನಲ್ಲ. ಅದರ ಆಚೆ ಚೂರು ಸ್ವಲ್ಪ ಬಯಲಾಗಿ ಉಳಿದಿದೆ, ನನ್ನ ಕೈ ತಿಕ್ಕಿದ ಭಾಗ. ಅಲ್ಲಿಯವರೆಗೆ ಗೆರೆ ಬಂದಿದ್ದರೆ ಏನು ಕಾಣುತ್ತಿತ್ತೋ. ಕಾಗದದಲ್ಲಿ ಅದು ಬೂದಿಯ ಬಣ್ಣ. ನನಗೆ ಕಿತ್ತಳೆ.

ಈಗ ಮೊಸಾಯಿಕ್ ಹಾಕಿಸುವವರು ಕಡಿಮೆ, ಹಾಕಿಸಿದರೆ ಮೂಲೆಗೆ ಹೋಗುವ ಮಷೀನೂ ಬಂದಿದೆ. ಹಳೇ ಮನೆಗಳ ಮೆಟ್ಟಿಲಿಗೆ ಮಾತ್ರ ನನ್ನನ್ನು ಕರೆಯುತ್ತಾರೆ. ಕೊನೆಯ ಕಲ್ಲು ತಿಕ್ಕಿ, ತೊಳೆದು, ನೀರು ನಿಲ್ಲುವುದನ್ನು ನೋಡಿದ ಮೇಲೆ ಕೈ ತಾನಾಗಿ ಕೆಳಗೆ ಹೋಗುತ್ತದೆ. ನೆಲಕ್ಕೆ ನಾಲ್ಕು ಬೆರಳು ಇರುವಾಗ ನಿಲ್ಲುತ್ತದೆ. ಟವೆಲಿಗೆ ಒರೆಸಿಕೊಳ್ಳುತ್ತೇನೆ, ಬೆರಳೊಂದೊಂದನ್ನೂ. ಆಮೇಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ.